ಕಿರುಬೆರಳಿನ ಶಾಯಿ

ಆಬಿದಾಳ ಬಾಯಿ ಬಾಡಿಗೆಗೆ ಸಿಗುತ್ತದೆ ಎಂದು ಅವಳ ಗಂಡ ಪೀರ್ ಪಾಷಾ ಸಿಕ್ಕಸಿಕ್ಕವರ ಮುಂದೆಲ್ಲ ಹೇಳಿಕೊಂಡು ನಗುತ್ತಿದ್ದ. ಮಾತು ಕುಚೋದ್ಯದ್ದಾದರೂ ಸುಳ್ಳೇನಲ್ಲ. ಜಾರ್ಜಿಯಾದ ಲಾರೆನ್ಸ್‌ವಿಲ್ ಸುತ್ತಮುತ್ತಲಿನ ಕ್ಲಿನಿಕ್ಕುಗಳಿಗೆ ಇಂಗ್ಲಿಷ್ ಬಾರದ, ಆದರೆ ಉರ್ದು ಬಲ್ಲ ರೋಗಿಗಳು ಬಂದರೆ ಆಬಿದಾಗೆ ಫೋನ್ ಬರುತ್ತಿತ್ತು. ಡಾಕ್ಟರ ಇಂಗ್ಲಿಷನ್ನು ರೋಗಿಗೆ ಉರ್ದುವಿನಲ್ಲಿ, ರೋಗಿಯ ಉರ್ದುವನ್ನು ಡಾಕ್ಟರಿಗೆ ಇಂಗ್ಲಿಷಿನಲ್ಲಿ ಹೇಳುವುದು ಅವಳ ಕೆಲಸ. ಮೈಸೂರಿನ ಮಂಡಿ ಮೊಹಲ್ಲಾದಲ್ಲಿ ಹುಟ್ಟಿ, ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಕಲಿಸುತ್ತಿದ್ದವಳು. ದೊಡ್ಡ ಕಟ್ಟಡಗಳಿಗೆ ಏಸಿ ಡಿಸೈನ್ ಮಾಡುವ ಗಂಡನ ಜೊತೆ ಇಲ್ಲಿಗೆ ಬಂದು, ಎಷ್ಟೋ ವರ್ಷ ಸುಮ್ಮನೆ ಮನೆಯಲ್ಲಿ ಕೂತು ಬೇಜಾರಾಗಿ, ಕೊನೆಗೆ ಪರೀಕ್ಷೆ ಕಟ್ಟಿ ಪಾಸು ಮಾಡಿ ದುಭಾಷಿಯಾಗಿದ್ದಳು.

ಈ ಕಸುಬಿಗೆ ಅದರದೇ ಆದ ಕಟ್ಟುಪಾಡುಗಳಿವೆ. ರೋಗಿ ಹೇಳಿದ್ದಕ್ಕೆ ಒಂದು ಮಾತು ಸೇರಿಸುವಂತಿಲ್ಲ, ಒಂದು ಮಾತು ಬಿಡುವಂತಿಲ್ಲ. ರೋಗಿಯ ಎದುರಿಗೆ, ಅವರಿಗೆ ತಿಳಿಯದ ಮೂರನೆಯ ಭಾಷೆಯಲ್ಲಿ ಡಾಕ್ಟರ ಜೊತೆ ಪಿಸುಗುಟ್ಟುವಂತಿಲ್ಲ. ಎಲ್ಲಕ್ಕಿಂತ ವಿಚಿತ್ರವಾದದ್ದು ಇನ್ನೊಂದು: ರೋಗಿ ‘ನನಗೆ ಹೊಟ್ಟೆನೋವು’ ಎಂದರೆ ದುಭಾಷಿ ‘ಇವರಿಗೆ ಹೊಟ್ಟೆನೋವಂತೆ’ ಎನ್ನುವ ಹಾಗಿಲ್ಲ. ‘ನನಗೆ ಹೊಟ್ಟೆನೋವು’ ಎಂದೇ ಹೇಳಬೇಕು. ಹೀಗಾಗಿ ಆಬಿದಾ ಒಂದೇ ಬೆಳಗ್ಗೆ ಮೂಲವ್ಯಾಧಿಯ ಮುದುಕನೂ ಆಗಿ, ಅವಳಿ ಮಕ್ಕಳ ಬಸುರಿಯೂ ಆಗಿ, ಮಧ್ಯಾಹ್ನದ ಊಟಕ್ಕೆ ಆಬಿದಾಳಾಗಿ ಮನೆಗೆ ಬರುತ್ತಿದ್ದಳು.

“ಇವತ್ತು ಏನೇನು ಕಾಯಿಲೆ ಬಂತು ನಿಂಗೆ?” ಎಂದು ಪೀರ್ ಪಾಷಾ ತಟ್ಟೆ ಇಡುತ್ತಾ ಕೇಳುತ್ತಿದ್ದ.

“ಹೇಳೋಹಾಗಿಲ್ಲ. ನಿಮಗೆ ಬರದೆ ಇರಲಿ ಅಂತ ಮಾತ್ರ ದುವಾ ಮಾಡ್ತೀನಿ” ಎಂದು ಆಬಿದಾ ಕೈತೊಳೆಯಲು ಹೋಗುತ್ತಿದ್ದಳು. ಮನೆಯೊಳಗೆ ಅವರದು ಮೈಸೂರಿನ ಉರ್ದು, ಅದರಲ್ಲಿ ಅರ್ಧ ಕನ್ನಡ. ನಾನು ಆ ಕನ್ನಡದ ಅರ್ಧವನ್ನೇ ಬರೆಯುತ್ತಿದ್ದೇನೆ ಎಂದು ತಿಳಿದುಕೊಳ್ಳಿ.

ಕೆಲಸದಲ್ಲಿ ಆಬಿದಾ ಬಲು ಕಟ್ಟುನಿಟ್ಟು. ಒಬ್ಬ ಅಜ್ಜ ಡಾಕ್ಟರನ್ನು ಬಾಯಿತುಂಬ ಬೈದಾಗ ಅಷ್ಟನ್ನೂ ಒಂದಕ್ಷರ ಬಿಡದೆ ಇಂಗ್ಲಿಷಿನಲ್ಲಿ ಡಾಕ್ಟರ ಮುಖಕ್ಕೆ ಹೇಳಿ, ಕೊನೆಗೆ ತಾನೇ ಬೆವರಿದ್ದಳು. ಅಂಥವಳು ಒಂದು ಸಲ, ಒಂದೇ ಸಲ, ಕೆಲವು ಮಾತು ಬಿಟ್ಟಳು. ಅದೂ ಸಂತೋಷದಿಂದ ಬಿಟ್ಟಳು. ಈ ಕಥೆ ಅದರದ್ದು.

ಅದು 2025ರ ಫೆಬ್ರವರಿ. ಲಾರೆನ್ಸ್‌ವಿಲ್‌ನ ಒಂದು ಸಮುದಾಯ ಭವನದಲ್ಲಿ ಶನಿವಾರಗಳಂದು ಬಡವರಿಗೆ, ಇನ್ಶೂರೆನ್ಸ್ ಇಲ್ಲದವರಿಗೆ ಉಚಿತವಾಗಿ ನಡೆಯುವ ಸಣ್ಣ ಕ್ಲಿನಿಕ್ ಇತ್ತು. ಅದನ್ನು ನಡೆಸುತ್ತಿದ್ದವರು ಡಾಕ್ಟರ್ ವಸಂತಾ, ನಿವೃತ್ತರಾದ ಮಕ್ಕಳ ತಜ್ಞೆ. ಅವರೂ ಮೈಸೂರಿನವರೇ, ಸರಸ್ವತಿಪುರಂನವರು. ಹೊರಗೆ ಸಿಕ್ಕರೆ ಆಬಿದಾ ಅವರನ್ನು ವಸಂತಕ್ಕ ಎನ್ನುತ್ತಾಳೆ. ಕನ್ನಡ ಕೂಟದ ಯುಗಾದಿಗೆ ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು ಹೋಳಿಗೆ ತಿಂದು, ಇಲ್ಲಿನ ತೊಗರಿಬೇಳೆಯನ್ನು ಬೈದು ಬರುವವರು. ರೋಗಿಯ ಮುಂದೆ ಮಾತ್ರ ಇಬ್ಬರಿಗೂ ಇಂಗ್ಲಿಷೇ.

ಆ ದಿನ ಬಂದವಳ ಹೆಸರು ಜರ್ಮೀನಾ. ಮೂವತ್ತು ದಾಟಿರದ ತೆಳ್ಳನೆಯ ಅಫ್ಘನ್ ಹೆಂಗಸು. ಕುಂದೂಜ್ ಕಡೆಯ ಹಳ್ಳಿಯವಳು. ಯುದ್ಧಕ್ಕೆ ಹೆದರಿ ಊರು ಬಿಟ್ಟು, ಕರಾಚಿಯಲ್ಲಿ ಕೆಲವು ವರ್ಷ ಇದ್ದು ಅಲ್ಲಿ ಉರ್ದು ಕಲಿತು, ಆಮೇಲೆ ಗಂಡ ಮಗಳ ಜೊತೆ ದಕ್ಷಿಣ ಅಮೆರಿಕಕ್ಕೆ ಹಾರಿ, ಅಲ್ಲಿಂದ ಬಸ್ಸಿನಲ್ಲಿ, ದೋಣಿಯಲ್ಲಿ, ಕಾಡಿನೊಳಗೆ ನಡೆದು ಇಲ್ಲಿ ಬಂದು ಆಶ್ರಯ ಕೇಳಿದವಳು. ಕಾಗದಪತ್ರದ ಚೀಲ ಯಾವುದೋ ಹೊಳೆಯ ಪಾಲಾಗಿತ್ತು. ಗಂಡ ಈಗ ಕೋಳಿ ಫ್ಯಾಕ್ಟರಿಯಲ್ಲಿ ಕೆಲಸಕ್ಕೆ ಹೋಗುತ್ತಿದ್ದ. ಪಕ್ಕದಲ್ಲಿ ಐದು ವರ್ಷದ ಪಲ್ವಶಾ ಕುರ್ಚಿಯಿಂದ ಕಾಲು ಇಳಿಬಿಟ್ಟುಕೊಂಡು ಆಡಿಸುತ್ತಾ ಕೂತಿದ್ದಳು. ಕೆಮ್ಮು ಹದಿನೈದು ದಿನದಿಂದ ಬಿಟ್ಟಿಲ್ಲ ಎಂದು ಕರೆತಂದಿದ್ದರು.

ವಸಂತಾ ಎಂದಿನ ಪ್ರಶ್ನೆಗಳನ್ನು ಕೇಳಿದರು. ಮಕ್ಕಳೆಷ್ಟು? ಜರ್ಮೀನಾ ಒಂದು ಕ್ಷಣ ಮಗಳನ್ನು ನೋಡಿ ಒಂದು ಎಂದಳು. ಮಗುವಿಗೆ ಲಸಿಕೆ ಹಾಕಿಸಿದ್ದೀರಾ?

“ಹಾಕಿಸಿದ್ದೀವಿ ಬಾಜಿ” ಎಂದಳು ಜರ್ಮೀನಾ. ಅಕ್ಕ ಎನ್ನುವುದನ್ನು ಕರಾಚಿಯಲ್ಲಿ ಬಾಜಿ ಎನ್ನುತ್ತಾರೆ. “ಊರಲ್ಲೂ ಹಾಕಿದ್ದರು. ಕರಾಚಿಯಲ್ಲಂತೂ ಮನೆ ಬಾಗಿಲಿಗೇ ಬಂದು ಹಾಕುತ್ತಿದ್ದರು, ಎಷ್ಟು ಸಲವೋ ಲೆಕ್ಕವಿಲ್ಲ.” ಹೀಗೆಂದು ತನ್ನ ಎಡಗೈ ಕಿರುಬೆರಳನ್ನು ಎತ್ತಿ, ಬಲಗೈಯಿಂದ ಅದರ ಉಗುರಿಗೆ ಗೀಟು ಎಳೆದ ಹಾಗೆ ಮಾಡಿ ತೋರಿಸಿದಳು.

ಆ ಬೆರಳನ್ನು ನೋಡಿದ್ದೇ ಇಬ್ಬರು ಮೈಸೂರಿನ ಹೆಂಗಸರ ಮುಖವೂ ಅರಳಿತು. ಪಲ್ಸ್ ಪೋಲಿಯೊ ಭಾನುವಾರಗಳು! ಬೂತಿನ ಮುಂದೆ ಸಾಲು, ಮಕ್ಕಳ ಬಾಯಿಗೆ ಎರಡು ಹನಿ, ಕಿರುಬೆರಳಿಗೆ ಶಾಯಿ. ಆಬಿದಾಳ ತಂದೆ ಮೈಸೂರಿನಲ್ಲಿ ಚುನಾವಣೆ ಶಾಯಿ ತಯಾರಾಗುವ ಕಾರ್ಖಾನೆಯಲ್ಲಿ ದುಡಿದವರು. ಅವರ ಬೆರಳಿನ ಸಂದಿಯಲ್ಲಿ ಕಪ್ಪುನೇರಳೆ ಬಣ್ಣ ಸಾಯುವವರೆಗೂ ಹೋಗಿರಲಿಲ್ಲ. ಮಗಳು ಹಮ್ನಾ ಚಿಕ್ಕವಳಿದ್ದಾಗ ಬೂತಿನಲ್ಲಿ ಇನ್ನೊಂದು ಬೆರಳಿಗೂ ಶಾಯಿ ಬೇಕೆಂದು ಅತ್ತದ್ದು, ಅದು ಅಜ್ಜನ ಶಾಯಿ ಕಣಮ್ಮಾ ಎಂದು ತಾನು ಸಮಾಧಾನ ಮಾಡಿದ್ದು ಎಲ್ಲ ಆಬಿದಾಗೆ ನೆನಪಾಯಿತು. ಡಾಕ್ಟರಿಗೂ ಏನೋ ನೆನಪಾಗಿರಬೇಕು, ಅವರೂ ನಕ್ಕರು.

“ಹೌದು, ಲಸಿಕೆ ಹಾಕಿಸಿದ್ದೇನೆ” ಎಂದು ಆಬಿದಾ ಇಂಗ್ಲಿಷಿನಲ್ಲಿ ಹೇಳಿದಳು. ಮನೆ ಬಾಗಿಲು, ಎಷ್ಟೋ ಸಲ, ಬೆರಳು, ಇವ್ಯಾವುವೂ ಆ ಇಂಗ್ಲಿಷಿನಲ್ಲಿ ಇರಲಿಲ್ಲ. ಇಲ್ಲೇ ಹುಟ್ಟಿ ಬೆಳೆದ ಡಾಕ್ಟರಾಗಿದ್ದರೆ ‘ಬೆರಳು ಯಾಕೆ ತೋರಿಸ್ತಿದ್ದಾರೆ?’ ಎಂದು ಕೇಳಿಯೇ ಕೇಳುತ್ತಿದ್ದರು. ವಸಂತಾ ಕೇಳಲಿಲ್ಲ. ಕೆಮ್ಮಿಗೆ ಔಷಧ ಕೊಟ್ಟು, ಲಸಿಕೆ ದಾಖಲೆ ಎಲ್ಲಿಂದಾದರೂ ತರಿಸಲಾದರೆ ತರಿಸಿ, ಏಪ್ರಿಲ್ ಕೊನೆಗೆ ಬನ್ನಿ, ಮುಂದಿನದನ್ನು ಆಗ ನೋಡೋಣ ಎಂದು ಕಳಿಸಿದರು.

ಮಾರ್ಚ್ ಬಂತು. ಜಾರ್ಜಿಯಾದ ಮಾರ್ಚ್ ಎಂದರೆ ಪೈನ್ ಮರಗಳ ಪರಾಗ. ಕಾರು, ಮೆಟ್ಟಿಲು, ಅಂಗಳದ ಕುರ್ಚಿ ಎಲ್ಲದರ ಮೇಲೂ ಅರಿಸಿನ ಚೆಲ್ಲಿದಂತೆ ಹಳದಿ ಪುಡಿ. ಆ ವರ್ಷ ಟೀವಿ ಹಾಕಿದರೆ ಟೆಕ್ಸಸ್‌ನ ದಡಾರದ ಸುದ್ದಿ. ಒಂದು ಭಾನುವಾರ ಮಧ್ಯಾಹ್ನ ಮಗಳು ಹಮ್ನಾ ಊಟಕ್ಕೆ ಬಂದಿದ್ದಳು. ಅಟ್ಲಾಂಟಾದಲ್ಲಿ ಸಾರ್ವಜನಿಕ ಆರೋಗ್ಯ ಓದುತ್ತಿದ್ದಳು. ಯುದ್ಧ ನಡೆಯುವ ಸೀಮೆಗಳಲ್ಲಿ ದಡಾರ ಯಾಕೆ ಹಬ್ಬುತ್ತದೆ ಎನ್ನುವುದು ಅವಳ ಥೀಸಿಸ್ಸಿನ ವಿಷಯ.

“ಬಾಂಬ್ ಬೀಳೋ ಕಡೆ ಕಾಯಿಲೆ ಬರತ್ತೆ ಅನ್ನೋಕೆ ಎರಡು ವರ್ಷ ಓದ್ಬೇಕಾ?” ಎಂದು ಪೀರ್ ಪಾಷಾ ಕೆಣಕಿದ. “ನಮ್ಮ ಮೊಹಲ್ಲಾದ ಪಾನ್ ಅಂಗಡಿಯೋನು ಫ್ರೀಯಾಗಿ ಹೇಳ್ತಿದ್ದ.”

“ಅಬ್ಬಾ, ನೋ. ಬಾಂಬಿಂದ ದಡಾರ ಬರಲ್ಲ” ಎಂದಳು ಹಮ್ನಾ ಅಪ್ಪನಿಗೆ, ಬಾಯಲ್ಲಿ ಬಿರಿಯಾನಿ ಇಟ್ಟುಕೊಂಡೇ. ಅವಳ ಕನ್ನಡ, ಉರ್ದು ಎರಡೂ ಇಂಗ್ಲಿಷಿನಲ್ಲಿ ಅದ್ದಿ ತೆಗೆದಂಥವು. “ವಾರ್ ಫಸ್ಟ್ ಏನು ಒಡೆಯತ್ತೆ ಗೊತ್ತಾ? ಫ್ರಿಜ್. ಕರೆಂಟ್ ಇಲ್ಲ ಅಂದ್ರೆ ವ್ಯಾಕ್ಸಿನ್ ಹಾಳು. ಆಮೇಲೆ ನರ್ಸ್ ಓಡಿಹೋಗ್ತಾರೆ. ರೋಡಲ್ಲಿ ಚೆಕ್‌ಪಾಯಿಂಟ್, ಸೋ ಅಮ್ಮಂದಿರು ಕ್ಲಿನಿಕ್‌ಗೆ ಹೋಗಲ್ಲ. ಎವೆರಿ ಇಯರ್ ಸ್ವಲ್ಪ ಸ್ವಲ್ಪ ಬೇಬೀಸ್ ಮಿಸ್ ಆಗ್ತಾರೆ. ಯಾರಿಗೂ ಗೊತ್ತಾಗಲ್ಲ. ಒಂದಿನ ಎಲ್ಲರೂ ಊರು ಬಿಟ್ಟು ಓಡಿ ಒಂದೇ ಹಾಲ್‌ನಲ್ಲಿ ಮಲಗ್ತಾರೆ. ಮಕ್ಕಳಿಗೆ ಊಟ ಇಲ್ಲ. ಒಬ್ಬರಿಗೆ ಬಂದ್ರೆ ಮುಗೀತು, ಎಲ್ಲರಿಗೂ.”

ಪೀರ್ ಪಾಷಾ ಕೆಣಕುವುದನ್ನು ನಿಲ್ಲಿಸಿದ.

“ಅಂಡ್ ಇನ್ನೊಂದು ವಿಷಯ ಇದೆ, ಅದು ನಂಗೆ ತುಂಬಾ ಬೇಜಾರು” ಎಂದಳು ಹಮ್ನಾ. “ಪೋಲಿಯೊ ಹನಿ ಮನೆಗೇ ಬರತ್ತೆ. ಐಸ್ ಬಾಕ್ಸ್ ಹಿಡ್ಕೊಂಡು ವಾಲಂಟಿಯರ್ಸ್ ವಾರ್ ಮಧ್ಯನೂ ಮನೆಮನೆಗೆ ಹೋಗ್ತಾರೆ. ದಡಾರದ್ದು ಇಂಜೆಕ್ಷನ್. ಅದಕ್ಕೆ ನರ್ಸ್ ಬೇಕು, ಕ್ಲಿನಿಕ್ ಬೇಕು. ಅದೇ ಇರಲ್ಲ. ಅಮ್ಮನ್ನ ಕೇಳಿದ್ರೆ ಎಸ್, ಮಗೂಗೆ ಹಾಕ್ಸಿದೀವಿ ಅಂತಾರೆ. ಸುಳ್ಳಲ್ಲ ಅದು. ಹನಿ ಹಾಕ್ಸಿರ್ತಾರೆ. ಬೆರಳಿಗೆ ಇಂಕ್ ಕೂಡ ಇರತ್ತೆ. ದಡಾರಕ್ಕೆ ಮಾತ್ರ ಏನೂ ಆಗಿರಲ್ಲ.”

ಆಬಿದಾಳ ಕೈಯಲ್ಲಿ ರಾಯತದ ಸೌಟು ಹಾಗೇ ನಿಂತಿತು. ಕಣ್ಣ ಮುಂದೆ ಎತ್ತಿ ಹಿಡಿದ ಕಿರುಬೆರಳು, ಅದನ್ನು ನೋಡಿ ನಗುತ್ತಿದ್ದ ತಾನು.

“ಅಮ್ಮಿ? ವಾಟ್ ಹ್ಯಾಪನ್ಡ್?”

ರೋಗಿಯ ವಿಷಯ ಮನೆಯಲ್ಲಿ ಆಡುವಂತಿಲ್ಲ. ಆಬಿದಾ ಹೆಸರು ಹೇಳದೆ ಇಷ್ಟನ್ನು ಮಾತ್ರ ಹೇಳಿದಳು: ಒಬ್ಬಳು ಬೆರಳು ತೋರಿಸಿದಳು, ನಾನು ಲಸಿಕೆ ಆಗಿದೆ ಎಂದು ಹೇಳಿಬಿಟ್ಟೆ.

“ಮುಂದಿನ ಸಲ ಬಂದಾಗ ಕೇಳಿದ್ರಾಯ್ತು ಬಿಡು” ಎಂದ ಪೀರ್ ಪಾಷಾ, ಹೆಂಡತಿಯ ಮುಖ ನೋಡಲಾಗದೆ. “ಮೂವತ್ತು ಸಲ ಸರಿಯಾಗಿ ಹೇಳಿರ್ತೀಯ, ಒಂದ್ಸಲ ತಪ್ಪಾಯ್ತು.”

“ಅಬ್ಬಾ, ದಡಾರ ಅಪಾಯಿಂಟ್‌ಮೆಂಟ್ ನೋಡ್ಕೊಂಡು ಬರಲ್ಲ. ಪಕ್ಕದ ಕೌಂಟೀಲಿ ಒಂದು ಕೇಸ್ ಅಂತಿದ್ದಾರೆ” ಎಂದಳು ಹಮ್ನಾ. ತಾಯಿಯ ಬಣ್ಣ ಹೋದದ್ದು ನೋಡಿ ದನಿ ತಗ್ಗಿಸಿದಳು. “ಬಟ್ ಅಮ್ಮಿ, ಇನ್ನೂ ಟೈಮ್ ಇದೆ. ಮಗೂಗೆ ಬೇಗ ಶಾಟ್ ಕೊಟ್ರೆ ಸಾಕು.”

ಆಬಿದಾ ಊಟ ಬಿಟ್ಟು ಎದ್ದಳು. ತಪ್ಪು ಒಪ್ಪಿಕೊಂಡರೆ ದುಭಾಷಿಗಳನ್ನು ಕಳಿಸುವ ಏಜೆನ್ಸಿಯವರು ಕೆಲಸದಿಂದ ತೆಗೆಯಬಹುದು ಎಂಬ ಯೋಚನೆ ಕಾರಿನ ಬೀಗದಕೈ ಹುಡುಕುವಾಗ ಬಂತು. ಬಂದ ಹಾಗೇ ಹೋಯಿತು. ಕುರ್ಚಿಯಿಂದ ಇಳಿಬಿಟ್ಟಿದ್ದ ಆ ಪುಟ್ಟ ಕಾಲುಗಳು ಮಾತ್ರ ಕಣ್ಣಿನಿಂದ ಹೋಗಲಿಲ್ಲ.

ವಸಂತಾ ಮನೆಯ ಹಿಂದಿನ ಡೆಕ್ ಮೇಲೆ ಪೈಪು ಹಿಡಿದು ಹಳದಿ ಪುಡಿಯನ್ನು ತೊಳೆಯುತ್ತಿದ್ದರು. ಆಬಿದಾಳನ್ನು ಕಂಡು “ಬಾ ಬಾ, ಕಾಫಿ ಡಿಕಾಕ್ಷನ್ ಇಳೀತಾ ಇದೆ” ಎಂದರು. ಆಬಿದಾ ನಿಂತಲ್ಲೇ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದಳು.

ವಸಂತಾ ಪೈಪು ಕೆಳಗಿಟ್ಟರು. ಅವರ ಮುಖ ಬಿಗಿಯಿತು. “ನಾನು ಸರಿಯಾಗೇ ಕೇಳಿದ್ದೆ ಆಬಿದಾ. ನೀನು ಎಸ್ ಅಂದೆ. ನಾನು ಇನ್ನೇನ್ ಮಾಡ್ಬೇಕಿತ್ತು?”

“ನೀವು ಏನೂ ಮಾಡ್ಬೇಕಿರಲಿಲ್ಲ ವಸಂತಕ್ಕ. ತಪ್ಪು ನಂದೇ.”

ನೀರು ಡೆಕ್ಕಿನ ಹಲಗೆಗಳ ಮಧ್ಯೆ ಸುಮ್ಮನೆ ಹರಿಯುತ್ತಿತ್ತು. ನಲವತ್ತು ವರ್ಷ ಮಕ್ಕಳ ಡಾಕ್ಟರಾಗಿ ಹೆಸರು ಮಾಡಿದವರಿಗೆ ಇಂಥ ಮಾತು ನುಂಗುವುದು ಸುಲಭವಲ್ಲ. ವಸಂತಾ ಹೋಗಿ ನಲ್ಲಿ ನಿಲ್ಲಿಸಿ ಬಂದರು. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳಲು ಹೋಗಿ, ಪ್ಯಾಂಟು ಹಾಕಿದ್ದೇನೆಂದು ನೆನಪಾಗಿ ಅದಕ್ಕೇ ಒರೆಸಿದರು.

“ಆ ಬೆರಳು ನಾನೂ ನೋಡ್ದೆ ಕಣೆ” ಎಂದರು ಮೆಲ್ಲಗೆ. “ನೋಡಿ ನಕ್ಕೆ. ನಮ್ಮ ಮಗ ಸೌರಭ್‌ನ ಬೂತಿಗೆ ಎತ್ಕೊಂಡು ಹೋಗಿದ್ದು ನೆನಪಾಯ್ತು. ಹನಿ ಬೇರೆ ಸೂಜಿ ಬೇರೆ ಅಂತ ನಂಗೆ ಯಾರಾದ್ರೂ ಹೇಳ್ಕೊಡ್ಬೇಕಾ? ನಮ್ಮ ಮಕ್ಕಳಿಗೆ ಹನಿನೂ ಆಯ್ತು, ಸೂಜಿನೂ ಆಯ್ತು. ಅದಕ್ಕೇ ಅವಳಿಗೂ ಎರಡೂ ಆಗಿರತ್ತೆ ಅಂದ್ಕೊಂಡ್ಬಿಟ್ಟೆ.”

ಒಳಗೆ ಹೋಗಿ ಕ್ಲಿನಿಕ್ಕಿನ ದಾಖಲೆಯಲ್ಲಿದ್ದ ನಂಬರಿಗೆ ಫೋನ್ ಮಾಡಿದರು. ಆ ನಂಬರು ಚಾಲ್ತಿಯಲ್ಲಿಲ್ಲ ಎಂದಿತು. ವಿಳಾಸ ಇತ್ತು. ಡಿಕಾಕ್ಷನ್ ಅಲ್ಲೇ ಉಳಿಯಿತು, ಇಬ್ಬರೂ ವಸಂತಾ ಅವರ ಕಾರು ಹತ್ತಿದರು.

ಅಪಾರ್ಟ್‌ಮೆಂಟಿನಲ್ಲಿ ಬಾಗಿಲು ತೆಗೆದವರು ಯಾರೋ ಬೇರೆಯವರು. ಹಿಂದೆ ಇದ್ದವರು ಬಾಡಿಗೆ ಕಟ್ಟಲಾರದೆ ಖಾಲಿ ಮಾಡಿಕೊಂಡು ಹೋದರು, ಎಲ್ಲಿಗೋ ಗೊತ್ತಿಲ್ಲ ಎಂದರು. ಆಬಿದಾ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತುಬಿಟ್ಟಳು. ಕುಂದೂಜಿನಿಂದ ಹೊರಟ ಈ ಸಂಸಾರ ಇನ್ನೂ ಗಂಟುಮೂಟೆ ಹೊರುವುದನ್ನು ನಿಲ್ಲಿಸಿಲ್ಲವಲ್ಲ ಎನಿಸಿ ಕಣ್ಣೊರೆಸಿಕೊಂಡಳು. ಈಗ ಎಲ್ಲಿ ಹುಡುಕುವುದು?

“ಅಳ್ಬೇಡ, ಏಳು” ಎಂದರು ವಸಂತಾ. “ಇಂಥೋರು ದೂರ ಹೋಗಲ್ಲ. ಗಂಡನ ಫ್ಯಾಕ್ಟರಿ ವ್ಯಾನ್ ಇಲ್ಲಿಗೇ ತಾನೇ ಬರೋದು?”

ಮಾತು ನಿಜವಾಯಿತು. ಕಟ್ಟಡಗಳ ನಡುವೆ ನಡೆಯುತ್ತಾ ಹೋದಾಗ, ಹಿಂದಿನ ಸಾಲಿನ ಮೆಟ್ಟಿಲ ಕೆಳಗೆ ಮಕ್ಕಳ ಗುಂಪೊಂದು ಹಳದಿ ಪರಾಗದ ಮೇಲೆ ಬೆರಳಿನಿಂದ ಚಿತ್ರ ಬರೆಯುತ್ತಿತ್ತು. ಅದರಲ್ಲೊಂದು ತಲೆ ಮೇಲೆತ್ತಿ “ಬಾಜಿ!” ಎಂದು ಕೂಗಿತು. ಪಲ್ವಶಾ. ಮೂಗಿನ ತುದಿಯಲ್ಲೂ ಹಳದಿ. ಆಬಿದಾ ಬಗ್ಗಿ ಅವಳ ಹಣೆ ಮುಟ್ಟಿದಳು. ತಣ್ಣಗಿತ್ತು. ಕೆನ್ನೆಯಲ್ಲಿ, ಕಿವಿಯ ಹಿಂದೆ ಒಂದು ಗುಳ್ಳೆಯೂ ಇರಲಿಲ್ಲ. ಅಲ್‌ಹಮ್ದುಲಿಲ್ಲಾಹ್ ಎಂದವಳು ಅಲ್ಲೇ ಆ ಮಗುವನ್ನು ತಬ್ಬಿಕೊಂಡಳು.

ಮೇಲೆ, ಜರ್ಮೀನಾಳ ಗಂಡನ ಅಣ್ಣನ ಮನೆಯ ಬಾಗಿಲಾಚೆ ಚಪ್ಪಲಿಗಳ ರಾಶಿ, ಬಹುಪಾಲು ಅಂಗೈಯಗಲದವು. ಎರಡು ಕೋಣೆಯ ಮನೆಯಲ್ಲಿ ಮೂರು ಸಂಸಾರ. ಗೋಡೆಗೆ ಒರಗಿಸಿಟ್ಟ ಹಾಸಿಗೆಗಳು, ನೆಲದ ಮೇಲೆ ಕೆಂಪು ಜಮಖಾನೆ. ವಸಂತಾ ಆ ಚಪ್ಪಲಿಗಳನ್ನೂ ಹಾಸಿಗೆಗಳನ್ನೂ ಮನಸ್ಸಿನಲ್ಲೇ ಎಣಿಸಿದರು. ಜರ್ಮೀನಾ ಗಾಬರಿಯಿಂದಲೇ ಹಸಿರು ಚಹಾ, ಬಾದಾಮಿ ತಂದಿಟ್ಟು ಕೂತಳು. ಡಾಕ್ಟರು ಮನೆಗೆ ಬಂದರೆ ಒಳ್ಳೆಯ ಸುದ್ದಿ ಇರುವುದಿಲ್ಲ ಎನ್ನುವುದು ಎಲ್ಲ ದೇಶದ ತಾಯಂದಿರಿಗೂ ಗೊತ್ತು.

ಮೊದಲು ಆಬಿದಾ ತನ್ನ ತಪ್ಪನ್ನು ಹೇಳಿದಳು. ಆಮೇಲೆ ವಸಂತಾ ಅದೇ ಪ್ರಶ್ನೆಯನ್ನು ಇನ್ನೊಮ್ಮೆ, ಬಿಡಿಸಿ ಕೇಳಿದರು. ಬಾಯಿಗೆ ಹನಿ ಹಾಕಿದರೋ, ತೋಳಿಗೆ ಸೂಜಿ ಹಾಕಿದರೋ?

“ಹನಿ” ಎಂದಳು ಜರ್ಮೀನಾ. “ಸೂಜಿ ಯಾವತ್ತೂ ಇಲ್ಲ. ಲಸಿಕೆ ಅಂದರೆ ಹನಿಯೇ ಅಲ್ಲವೇ ಬಾಜಿ?”

ಹನಿ ಕಾಲು ಸೋಲುವ ಕಾಯಿಲೆಗೆ. ಜ್ವರ ಬಂದು, ಕಣ್ಣು ಕೆಂಪಾಗಿ, ಮೈತುಂಬ ಕೆಂಪು ದದ್ದು ಏಳುವ ಖಸ್ರಾಗೆ, ಅಂದರೆ ದಡಾರಕ್ಕೆ, ಬೇರೆ ಸೂಜಿ ಬೇಕು ಎಂದು ವಸಂತಾ ಇಂಗ್ಲಿಷಿನಲ್ಲಿ ಹೇಳಿದರು, ಆಬಿದಾ ಉರ್ದುವಿನಲ್ಲಿ ಹೇಳಿದಳು. ಖಸ್ರಾ ಎಂಬುದನ್ನು ಕೇಳಿ ಜರ್ಮೀನಾ ಕೈಯಲ್ಲಿದ್ದ ಲೋಟವನ್ನು ನೆಲಕ್ಕಿಟ್ಟಳು. ಆಮೇಲೆ ಮಾತಾಡಿದಳು. ಅವಳು ಒಂದೊಂದು ಮಾತು ಆಡಿದ ಹಾಗೂ ಆಬಿದಾ ಅದನ್ನು ಇಂಗ್ಲಿಷಿಗೆ ತರುತ್ತಾ ಹೋದಳು, ಕಸುಬಿನ ಕಟ್ಟಿನಂತೆ, ನಾನು ನಾನು ಎಂದೇ.

“ನನಗೆ ಮಗನೊಬ್ಬನಿದ್ದ. ಎಹಸಾನ್. ಇವಳಿಗಿಂತ ದೊಡ್ಡವನು. ನಮ್ಮೂರಿನ ಕ್ಲಿನಿಕ್ ಹೊಳೆಯಾಚೆ ಇತ್ತು. ದಾರಿಯಲ್ಲಿ ಒಂದು ಕಡೆ ಇವರ ಬಂದೂಕು, ಒಂದು ಕಡೆ ಅವರದು. ಗಂಡಸರು ಹೋದರೆ ಹಿಡಿಯುತ್ತಿದ್ದರು, ಹೆಂಗಸು ಒಬ್ಬಳೇ ಹೋಗುವ ಹಾಗಿರಲಿಲ್ಲ. ಆಮೇಲೆ ಕ್ಲಿನಿಕ್ಕಿನ ಜನರೇಟರನ್ನು ಯಾರೋ ಹೊತ್ತೊಯ್ದರು, ನರ್ಸ್ ಊರು ಬಿಟ್ಟಳು. ಹನಿ ಹಾಕುವವರು ಮಾತ್ರ ಬರುತ್ತಿದ್ದರು, ಪಕ್ಕದ ಹಳ್ಳಿಯವರು, ಮೋಟಾರ್ ಬೈಕಿನಲ್ಲಿ. ಪ್ರತಿ ಸಲವೂ ಎಹಸಾನ್‌ಗೆ ಹಾಕಿಸಿದೆ. ಒಂದು ಸಲವೂ ಬಿಡಲಿಲ್ಲ.”

ಒಳಕೋಣೆಯಿಂದ ವಾರಗಿತ್ತಿ ಬಂದು ಬಾಗಿಲಿಗೆ ಒರಗಿ ನಿಂತಳು. ಜರ್ಮೀನಾ ಅವಳನ್ನು ನೋಡದೆ ಮುಂದುವರಿಸಿದಳು.

“ಯುದ್ಧ ಊರಿನೊಳಗೆ ಬಂದಾಗ ಕಾಬೂಲಿಗೆ ಓಡಿದೆವು. ಒಂದು ಶಾಲೆಯ ಹಾಲಿನಲ್ಲಿ ಜಾಗ ಸಿಕ್ಕಿತು. ಮಗ್ಗುಲು ಬದಲಿಸಿದರೆ ಇನ್ನೊಬ್ಬರ ಮಗುವಿಗೆ ತಾಗುತ್ತಿತ್ತು. ದಿನಕ್ಕೊಮ್ಮೆ ರೊಟ್ಟಿ. ಎಹಸಾನ್‌ನ ಪಕ್ಕೆಲುಬು ಎಣಿಸಬಹುದಿತ್ತು. ಮೂಲೆಯಲ್ಲಿದ್ದ ಒಂದು ಮಗುವಿಗೆ ದದ್ದು ಎದ್ದಿತು, ಆಮೇಲೆ ಎಲ್ಲ ಮಕ್ಕಳಿಗೂ. ಇವಳು ಆಗ ಮೊಲೆಗೂಸು, ಹೇಗೋ ತಗಲದೆ ಉಳಿದಳು. ಅವನು ಉಳಿಯಲಿಲ್ಲ. ಮಣ್ಣು ಮಾಡುವ ಮೊದಲು ಮೈ ತೊಳೆಯುವಾಗ ನೋಡಿದೆ, ಊರಿನಲ್ಲಿ ಹಾಕಿದ ಶಾಯಿ ಇನ್ನೂ ಉಗುರಿನ ಮೇಲಿತ್ತು. ಲಸಿಕೆ ಹಾಕಿಸಿದ ಮಗು ಹೇಗೆ ಸತ್ತಿತು ಎಂದು ಅತ್ತೆ ಕೇಳಿದರು. ನಿನ್ನ ಹಾಲಿನಲ್ಲೇ ದೋಷ ಎಂದರು. ಅದಕ್ಕೇ ಬಾಜಿ, ಮಕ್ಕಳೆಷ್ಟು ಎಂದು ಯಾರಾದರೂ ಕೇಳಿದರೆ ಒಂದು ಎನ್ನುತ್ತೇನೆ. ಎರಡು ಎಂದರೆ ಇನ್ನೊಂದೆಲ್ಲಿ ಎಂದು ಕೇಳುತ್ತಾರೆ.”

ಆಬಿದಾಳ ದನಿ ಇಂಗ್ಲಿಷಿನಲ್ಲಿ ಅದೇ ಜಾಗದಲ್ಲಿ ಒಡೆಯಿತು. ಸರಿಪಡಿಸಿಕೊಂಡು ಕೊನೆಯ ಮಾತಿನವರೆಗೂ ಹೇಳಿದಳು. ಆಗ ಜರ್ಮೀನಾ ನೇರವಾಗಿ ಡಾಕ್ಟರ ಕಡೆ ತಿರುಗಿ ಕೇಳಿದಳು.

“ಆ ಸೂಜಿ ಹಾಕಿಸಿದ್ದರೆ ನನ್ನ ಮಗ ಬದುಕುತ್ತಿದ್ದನೇ?”

ಆಬಿದಾ ಅದನ್ನೂ ಹೇಳಿದಳು. ವಸಂತಾ ಅವರ ಕಣ್ಣು ತುಂಬಿತ್ತು. ಇಷ್ಟು ವರ್ಷದಲ್ಲಿ ಮೊದಲ ಬಾರಿಗೆ, ರೋಗಿಯ ಎದುರಿಗೇ, ಅವರು ಕನ್ನಡಕ್ಕೆ ಇಳಿದರು.

“ಏನ್ ಹೇಳ್ಲಿ ಆಬಿದಾ ಇವಳಿಗೆ? ಹೌದು ಅಂದ್ರೆ ಹೇಗೆ ತಡ್ಕೋತಾಳೆ? ಗೊತ್ತಿಲ್ಲ ಅಂದ್ಬಿಡ್ಲಾ?”

ಆಬಿದಾಳ ನಾಲಿಗೆಯ ತುದಿಯಲ್ಲೂ ಒಂದು ಮೆದುವಾದ ಮಾತು ಸಿದ್ಧವಾಗಿತ್ತು: ಎಲ್ಲ ಅಲ್ಲಾಹನ ಇಚ್ಛೆ ಬೇಟಿ. ಡಾಕ್ಟರು ಹೇಳದಿದ್ದರೂ ತಾನೇ ಹೇಳಿಬಿಡಬಹುದಿತ್ತು, ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಹೋದ ತಿಂಗಳು ತಾನು ಬಿಟ್ಟ ಮಾತುಗಳೂ ಹೀಗೆಯೇ ಯಾರಿಗೂ ತಿಳಿದಿರಲಿಲ್ಲ.

“ನಿಜ ಹೇಳಿ ಅಕ್ಕ. ಪೂರ್ತಿ ಹೇಳಿ. ನಾನೂ ಪೂರ್ತಿ ಹೇಳ್ತೀನಿ” ಎಂದಳು. ಬಳಿಕ ಜರ್ಮೀನಾ ಕಡೆ ತಿರುಗಿ, “ನಿನಗೆ ಏನು ಹೇಳಲಿ ಅಂತ ಡಾಕ್ಟರು ನನ್ನ ಕೇಳಿದರು. ನಿಜ ಹೇಳಿ ಅಂದೆ” ಎಂದು ಉರ್ದುವಿನಲ್ಲಿ ಅದನ್ನೂ ತಿಳಿಸಿದಳು.

ವಸಂತಾ ಕುರ್ಚಿಯಿಂದಿಳಿದು ಜಮಖಾನೆಯ ಮೇಲೆ ಜರ್ಮೀನಾಳ ಎದುರು ಕೂತರು. “ಬಹುಮಟ್ಟಿಗೆ ಬದುಕುತ್ತಿದ್ದ” ಎಂದರು ಇಂಗ್ಲಿಷಿನಲ್ಲಿ, ನಿಧಾನವಾಗಿ. “ಆದರೆ ಆ ಸೂಜಿ ನಿನ್ನ ಊರಿನವರೆಗೆ ಬರಲೇ ಇಲ್ಲ. ನಿನ್ನ ಬಾಗಿಲಿಗೆ ಬಂದದ್ದನ್ನೆಲ್ಲ ನೀನು ಹಾಕಿಸಿದೆ. ನಿನ್ನ ಹಾಲಿನಲ್ಲಿ ಯಾವ ದೋಷವೂ ಇರಲಿಲ್ಲ.”

ಆಬಿದಾ ಅದನ್ನು ಹೇಳಿ ಮುಗಿಸುವ ಮೊದಲೇ ಜರ್ಮೀನಾ ದುಪಟ್ಟಾವನ್ನು ಬಾಯಿಗೆ ತುರುಕಿಕೊಂಡಿದ್ದಳು. ಬಾಗಿಲಲ್ಲಿದ್ದ ವಾರಗಿತ್ತಿ ಬಂದು ಅವಳನ್ನು ಎದೆಗೆ ಎಳೆದುಕೊಂಡಳು. ಆ ಅಳುವಿಗೆ ಎಷ್ಟು ವರ್ಷವಾಗಿತ್ತೋ. ಹೊರಗಿನಿಂದ ಮಕ್ಕಳು ಬಂದು ನೋಡಿ ಮತ್ತೆ ಓಡಿದವು. ಚಹಾ ಆರಿಹೋಯಿತು. ಇಬ್ಬರು ಮೈಸೂರಿನ ಹೆಂಗಸರೂ ತಲೆ ತಗ್ಗಿಸಿ ಕೂತಿದ್ದರು, ತಾವು ಮಾಡಿದ್ದು ಒಳ್ಳೆಯದೋ ಕೆಟ್ಟದ್ದೋ ಅವರಿಗೆ ತಿಳಿಯಲಿಲ್ಲ. ಕೊನೆಗೆ ಜರ್ಮೀನಾ ಮುಖ ಒರೆಸಿಕೊಂಡು, ಬಾಗಿಲಾಚೆ ಆಡುತ್ತಿದ್ದ ಆ ಮನೆಯ ಮಕ್ಕಳೆಲ್ಲರ ಕಡೆಗೆ ಕೈ ತೋರಿಸಿ, “ಯಾವಾಗ ಕರೆತರಲಿ?” ಎಂದು ಕೇಳಿದಳು.

ವಸಂತಾ ಶನಿವಾರದವರೆಗೆ ಕಾಯಲಿಲ್ಲ. ಅಲ್ಲಿಂದಲೇ ನಾಲ್ಕು ಕಡೆ ಫೋನ್ ಮಾಡಿ, ಗದರಿಸಿ, ಪುಸಲಾಯಿಸಿ, ಮರುದಿನ ಸಂಜೆಗೆ ಕ್ಲಿನಿಕ್ ತೆರೆಸಿದರು. ಆಬಿದಾ ಏಜೆನ್ಸಿಗೆ ತನ್ನ ತಪ್ಪನ್ನು ತಾನೇ ಹೇಳಿಕೊಂಡಳು. ಅವರು ಕೆಲಸದಿಂದ ತೆಗೆಯಲಿಲ್ಲ, ತರಬೇತಿಯನ್ನು ಇನ್ನೊಮ್ಮೆ ಮಾಡಬೇಕೆಂದರು. “ಬಾಯಿ ಸರ್ವಿಸಿಂಗಿಗೆ ಹೋಗಿದೆ” ಎಂದು ಪೀರ್ ಪಾಷಾ ಎಲ್ಲರಿಗೂ ಹೇಳಿಕೊಂಡು ತಿರುಗಿದ. ಅವನ ತಮಾಷೆಗೆ ಆಬಿದಾ ನಕ್ಕದ್ದು ಆ ವಾರದಲ್ಲಿ ಅದೊಂದೇ ಸಲ.

ಮರುದಿನ ಸಂಜೆ ಕೋಳಿ ಫ್ಯಾಕ್ಟರಿಯ ವ್ಯಾನು ಸಮುದಾಯ ಭವನದ ಮುಂದೆ ನಿಂತು ಬಾಗಿಲು ತೆಗೆಯಿತು. ಒಳಗಿನಿಂದ ಮಕ್ಕಳು ಇಳಿದೇ ಇಳಿದವು. ಆ ಮನೆಯವು ಮಾತ್ರವಲ್ಲ, ಆ ಸಾಲಿನ ಇನ್ನೂ ಕೆಲವು ಮನೆಯವು. ಎಲ್ಲರಿಗಿಂತ ಮುಂದೆ ಪಲ್ವಶಾಳ ಕೈ ಹಿಡಿದುಕೊಂಡು ಜರ್ಮೀನಾ ಬಂದಳು. ಮೇಜಿನ ಹಿಂದೆ ಕೂತಿದ್ದ ನರ್ಸ್ ಹೊಸಬಳು. ತಲೆಯೆತ್ತದೆ ಎಂದಿನ ಪ್ರಶ್ನೆಗಳನ್ನು ಕೇಳಿದಳು. ಹೆಸರು, ಊರು. ಮಕ್ಕಳೆಷ್ಟು?

ಜರ್ಮೀನಾ ಆಬಿದಾಳ ಕಡೆ ನೋಡಿದಳು, ಆಮೇಲೆ ನರ್ಸ್ ಕಡೆ.

“ನನಗೆ ಇಬ್ಬರು ಮಕ್ಕಳು” ಎಂದು ಆಬಿದಾ ಅವಳ ಹಿಂದೆಯೇ ಇಂಗ್ಲಿಷಿನಲ್ಲಿ ಹೇಳಿದಳು. “ಒಬ್ಬನ ಹೆಸರು ಎಹಸಾನ್. ಒಬ್ಬಳು ನನ್ನ ಜೊತೆ ಇದ್ದಾಳೆ.”

ನರ್ಸ್ ತಲೆಯೆತ್ತಿ ನೋಡಿದಳು. ಇನ್ನೇನೂ ಕೇಳಲಿಲ್ಲ. ಸೂಜಿ ಸಿದ್ಧಮಾಡಿಕೊಂಡು ಪಲ್ವಶಾಳ ಹತ್ತಿರ ಬಂದಳು. ಕರಾಚಿಯ ಬಾಗಿಲುಗಳಲ್ಲಿ ಅಷ್ಟು ಸಲ ನಿಂತು ರೂಢಿಯಾಗಿದ್ದ ಹುಡುಗಿ ತಾನಾಗಿಯೇ ಬಾಯಿ ತೆರೆದು, ಎಡಗೈಯ ಕಿರುಬೆರಳನ್ನು ಮುಂದೆ ಚಾಚಿದಳು. ಜರ್ಮೀನಾ ಆ ಬೆರಳನ್ನು ಮೆಲ್ಲಗೆ ಮಡಿಸಿ, ಮುಷ್ಟಿಯೊಳಗೆ ಸೇರಿಸಿ, ಮಗಳ ತೋಳನ್ನು ಭುಜದವರೆಗೂ ಮೇಲೇರಿಸಿ ಹಿಡಿದಳು.